‘ಇನ್ನೊಂದು ವರ್ಷ ಕಾದು ನೋಡಿ’ ಅನ್ನೋರಿಗೆ ಕೇರಿಯಿಂದ ಉತ್ತರ



ಸ್ವಲ್ಪ ಉದ್ದ ಆಗ್ತದೆ. ಪೂರ್ತಿ ಓದಕ್ಕೆ ಟೈಮ್ ಇಲ್ಲ ಅನ್ನೋರು ಸೇವ್ ಮಾಡಿ ಇಟ್ಕೊಳ್ಳಿ. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಎರಡು ವರ್ಷದ ಮಗು ಇದ್ದರೆ ಯಾವತ್ತಾದರೂ ಬೇಕಾಗ್ತದೆ.

ಮೊನ್ನೆ ನಮ್ಮ ಸಂಘಟನೆಯ ಸಭೆ ಇತ್ತು. ಸ್ಮಶಾನದ ಜಾಗ, ಹಾಸ್ಟೆಲ್ ಊಟ, ಒಳಮೀಸಲಾತಿ ಎಲ್ಲ ಮುಗೀತು. ಕಡೆಗೆ ‘ಇತರೆ ವಿಷಯಗಳು’ ಅಂತ ಒಂದು ಇರ್ತದಲ್ಲ, ಅರ್ಧ ಜನ ಚಪ್ಪಲಿ ಹುಡುಕ್ತಾ ಇರೋ ಹೊತ್ತು, ಆಗ ನಾನು ಎದ್ದು ನಿಂತು ಆಟಿಸಂ ಇರೋ ಮಕ್ಕಳ ವಿಷಯ ಎತ್ತಿದೆ. ನನಗೆ ಬಹಳ ಗೌರವ ಇರೋ ಹಿರಿಯರೊಬ್ಬರು ನಕ್ಕುಬಿಟ್ಟರು. “ತಂಗೀ, ಅದು ದೊಡ್ಡೋರ ಮನೆ ಕಾಯಿಲೆ ಕಣಮ್ಮ. ಎಂಸಿಸಿ ಬಿ ಬ್ಲಾಕಿನೋರಿಗೆ ಬರೋದು. ನಮ್ಮ ಹುಡುಗ್ರಿಗೆ ಮೊದ್ಲು ಊಟ, ಆಮೇಲೆ ಓದು. ಇದನ್ನ ಮುಂದಿನ ಸಭೇಲಿ ನೋಡನ ಬಿಡು” ಅಂದರು.

ಮುಂದಿನ ಸಭೇಲಿ ನೋಡನ. ಈ ಮಾತು ನಾನು ನಾಲ್ಕು ವರ್ಷದಿಂದ ಬೇರೆ ಬೇರೆ ಬಾಯಲ್ಲಿ ಕೇಳ್ತಾ ಇದೀನಿ. ಡಾಕ್ಟರ್ ಬಾಯಲ್ಲಿ, ಟೀಚರ್ ಬಾಯಲ್ಲಿ, ಕಚೇರಿ ಕಿಟಕಿಯ ಆ ಕಡೆ ಕೂತೋರ ಬಾಯಲ್ಲಿ. ನಮ್ಮೋರ ಬಾಯಲ್ಲೂ ಕೇಳಿದ ಮೇಲೆ ಸುಮ್ಮನೆ ಇರಕ್ಕೆ ಆಗಲಿಲ್ಲ. ಅಣ್ಣಾ, ನಿಮಗೆ ಅವತ್ತು ಎದುರು ಮಾತಾಡಲಿಲ್ಲ. ಇಲ್ಲಿ ಬರೀತಿದೀನಿ.

ನನ್ನ ತಂಗಿ ಮನೆಗೆಲಸ ಮಾಡ್ತಾಳೆ. ಬೆಳಿಗ್ಗೆ ಆರೂವರೆಗೆ ಆವರಗೆರೆ ಬಿಟ್ಟರೆ ಮೂರು ಮನೆ ಮುಗಿಸಿ ಬರೋದು ಮಧ್ಯಾಹ್ನ ಎರಡು ಗಂಟೆ. ಅವಳ ಗಂಡ ಹರಿಹರದಲ್ಲಿ ಗ್ಯಾರೇಜ್ ಕೆಲಸ. ಮಗನನ್ನ ನೋಡ್ಕೊಳ್ಳೋದು ನಮ್ಮವ್ವ. ಒಂದೂವರೆ ವರ್ಷಕ್ಕೆ ಅವನು ‘ಅವ್ವ’, ‘ತಾತ’ ಅಂತಿದ್ದ. ಎರಡು ತುಂಬೋ ಹೊತ್ತಿಗೆ ಆ ಎರಡು ಮಾತೂ ಹೋದವು. ಹೆಸರು ಹಿಡಿದು ಕರೆದರೆ ತಿರುಗ್ತಿರಲಿಲ್ಲ. ಆದರೆ ಒಳಗಿನ ಕೋಣೆಯಲ್ಲಿ ಮಂಡಕ್ಕಿ ಡಬ್ಬದ ಮುಚ್ಚಳ ತೆಗೆದ ಸದ್ದಿಗೆ ಓಡಿ ಬರ್ತಿದ್ದ. ಅಂದರೆ ಕಿವಿ ಸರಿ ಇತ್ತು. ಸೈಕಲ್ ತಲೆಕೆಳಗೆ ಇಟ್ಟು ಚಕ್ರ ತಿರುಗಿಸ್ತಾ ಗಂಟೆಗಟ್ಟಲೆ ಕೂರ್ತಿದ್ದ. ಏನಾದರೂ ಬೇಕಂದ್ರೆ ಬೆರಳು ಮಾಡಿ ತೋರಿಸ್ತಿರಲಿಲ್ಲ, ಅಜ್ಜಿಯ ಕೈ ಹಿಡಿದು ಎಳಕೊಂಡು ಹೋಗಿ ಡಬ್ಬದ ಮೇಲೆ ಇಡ್ತಿದ್ದ. ಮುಖ ನೋಡ್ತಿರಲಿಲ್ಲ, ಕೈ ಅನ್ನೋದು ಒಂದು ಸೌಟು ಅನ್ನೋ ಹಾಗೆ.

ಈಗ ನನಗೆ ಗೊತ್ತು, ಇವೆಲ್ಲ ಪುಸ್ತಕದಲ್ಲಿ ಬರೆದಿಟ್ಟ ಲಕ್ಷಣಗಳು. ಒಂದು ವರ್ಷಕ್ಕೆ ಹೆಸರಿಗೆ ತಿರುಗದೆ ಇರೋದು, ಒಂದೂವರೆ ವರ್ಷಕ್ಕೂ ಬೆರಳು ತೋರಿಸದೆ ಇರೋದು, ಬಂದ ಮಾತು ಹೋಗೋದು. ಅವತ್ತು ಗೊತ್ತಿರಲಿಲ್ಲ. ಎರಡೂವರೆ ವರ್ಷಕ್ಕೆ ತೋರಿಸಿದೆವು. ಎಲ್ಲಿ, ಯಾರಿಗೆ ಅಂತ ಬರೆಯಲ್ಲ, ಒಬ್ಬರ ಹೆಸರಿನ ವಿಷಯ ಅಲ್ಲ ಇದು. “ಗಂಡು ಹುಡುಗ್ರಿಗೆ ಮಾತು ತಡ ಕಣಮ್ಮ, ಮೂರು ವರ್ಷ ತುಂಬಲಿ” ಅಂತ ಟಾನಿಕ್ ಬರಕೊಟ್ಟರು. ಮೂರು ತುಂಬಿತು. “ನಾಲ್ಕು ಮಕ್ಕಳ ಜೊತೆ ಬಿಡ್ರಿ, ತಾನೇ ಬರ್ತತಿ” ಅಂದರು. ಬಿಟ್ಟೆವು. ಒಂದು ವಾರಕ್ಕೆ ವಾಪಸ್ ಕಳಿಸಿದರು. “ಕೂರಂಗಿಲ್ಲ, ಬೇರೆ ಮಕ್ಕಳ ತಟ್ಟೆಗೆ ಕೈ ಹಾಕ್ತಾನೆ, ಮಾತು ಬಂದ ಮೇಲೆ ಕಳಿಸ್ರಿ” ಅಂದರು. ಮಾತು ಬರಲಿ ಅಂತ ಅಲ್ಲಿಗೆ ಕಳಿಸಿದ್ದು, ಮಾತು ಬಂದ ಮೇಲೆ ಬಾ ಅಂತಾರೆ.

ಆಮೇಲೆ ಸುತ್ತಲಿನೋರದ್ದು ಶುರು. ತಾಯಿ ಕೆಲಸಕ್ಕೆ ಹೋಗ್ತಾಳೆ ಅದಕ್ಕೇ. ಫೋನ್ ಕೊಟ್ಟರು ಅದಕ್ಕೇ. ಬಸುರಿ ಇದ್ದಾಗ ಗ್ರಹಣ ನೋಡಿದಳು ಅದಕ್ಕೇ. ನನ್ನ ತಂಗಿ ಒಂದು ಪೂರ್ತಿ ವರ್ಷ ತನ್ನನ್ನ ತಾನೇ ಬೈಕೊಂಡು ಕಳೆದಳು. ಓದಿದೋರಿಗೂ ಒಂದು ಮಾತು ಹೇಳ್ತೀನಿ: ತಾಯಿ ಪ್ರೀತಿ ತೋರಿಸದೆ ಇದ್ದದ್ದಕ್ಕೆ ಆಟಿಸಂ ಬರ್ತದೆ ಅಂತ ಅಮೆರಿಕದ ದೊಡ್ಡ ದೊಡ್ಡ ಡಾಕ್ಟರುಗಳೇ ಒಂದು ಕಾಲಕ್ಕೆ ಹೇಳ್ತಿದ್ದರು. ಅಂಥ ತಾಯಂದಿರಿಗೆ ‘ರೆಫ್ರಿಜರೇಟರ್ ಮದರ್’ ಅಂತ ಹೆಸರೇ ಇಟ್ಟಿದ್ದರು. ಅದು ಸುಳ್ಳು ಅಂತ ಗೊತ್ತಾಗಿ ಎಷ್ಟೋ ದಶಕ ಆಯ್ತು. ಮೆದುಳು ಬೆಳೆಯೋ ರೀತಿಯಲ್ಲೇ ಇರೋ ವ್ಯತ್ಯಾಸ ಇದು. ಫೋನಿನಿಂದ ಬರಲ್ಲ, ಗ್ರಹಣದಿಂದ ಬರಲ್ಲ, ಲಸಿಕೆಯಿಂದ ಬರಲ್ಲ, ತಾಯಿ ಕೂಲಿಗೆ ಹೋಗಿದ್ದರಿಂದಲೂ ಬರಲ್ಲ.

ನಾಲ್ಕು ವರ್ಷಕ್ಕೆ ಉಕ್ಕಡಗಾತ್ರಿಗೆ ಕರಕೊಂಡು ಹೋದರು. ನಾನು ಬೇಡ ಅಂದೆ, ಜಗಳ ಆಯ್ತು, ಆದರೂ ಹೋದರು. ನಾನು ಬುದ್ಧನ ಫೋಟೋ ಇಟ್ಕೊಂಡೋಳು, ಗಾಳಿ-ದೆವ್ವ ನಂಬೋಳಲ್ಲ. ಆದರೆ ಅವತ್ತಿಂದ ಅಲ್ಲಿಗೆ ಹೋಗೋರನ್ನ ಬೈಯೋದು ಬಿಟ್ಟಿದೀನಿ. ನಮ್ಮವ್ವ ಬಂದು ಏನಂದಳು ಗೊತ್ತಾ? “ಅಲ್ಲಿ ಯಾರೂ ಹುಡುಗನ್ನ ಹೊರಗೆ ಕರಕೊಂಡು ಹೋಗು ಅನ್ಲಿಲ್ಲ ಕಣವ್ವ.” ಹುಡುಗ ಕಿರುಚಿದ, ಉರುಳಾಡಿದ, ಅಲ್ಲಿ ಅದು ಎಲ್ಲರೂ ಮಾಡೋದೇ. ಆಸ್ಪತ್ರೆ ಸಾಲಿನಲ್ಲಿ ಹಾಗೆ ಮಾಡಿದರೆ ಜನ ನಮ್ಮ ಬಟ್ಟೆ ನೋಡ್ತಾರೆ, ಆಮೇಲೆ ಮುಖ ನೋಡ್ತಾರೆ. ಮೂಢನಂಬಿಕೆ ವಿರುದ್ಧ ಭಾಷಣ ಮಾಡೋ ನಮ್ಮೋರು ಇದನ್ನ ಒಂದು ನಿಮಿಷ ಯೋಚನೆ ಮಾಡಿ. ಸರ್ಕಾರ ಬಾಗಿಲು ಹಾಕಿದ ಕಡೆ ಗದ್ದುಗೆ ಬಾಗಿಲು ತೆಗೆದಿರ್ತದೆ.

ಈಗ ಎಂಸಿಸಿ ಬಿ ಬ್ಲಾಕಿನ ವಿಷಯಕ್ಕೆ ಬರ್ತೀನಿ ಅಣ್ಣಾ.

ನನ್ನ ತಂಗಿ ಕೆಲಸ ಮಾಡೋ ಮನೆಗಳಲ್ಲಿ ಒಂದು ಅಲ್ಲೇ ಇದೆ. ಆ ಮನೆಯಲ್ಲೂ ಒಂದು ಗಂಡು ಮಗು. ನಮ್ಮ ಹುಡುಗನಿಗಿಂತ ಎರಡೇ ತಿಂಗಳು ದೊಡ್ಡವನು. ಅವನೂ ಹೆಸರಿಗೆ ತಿರುಗ್ತಿರಲಿಲ್ಲ, ಅವನೂ ಚಕ್ರ ತಿರುಗಿಸ್ತಿದ್ದ. ಮನೆಯಲ್ಲಿ ಡಾಕ್ಟರ್ ಸಂಬಂಧಿಕರಿದ್ದರು, ಒಂದೂವರೆ ವರ್ಷಕ್ಕೇ ಅನುಮಾನ ಬಂತು. ಕಾರಿನಲ್ಲಿ ಬೆಂಗಳೂರಿಗೆ ಹೋದರು, ಎರಡು ವರ್ಷ ತುಂಬೋದರೊಳಗೆ ಹೆಸರು ಗೊತ್ತಾಯ್ತು. ವಾರಕ್ಕೆ ಮೂರು ದಿನ ಮಾತಿನ ಥೆರಪಿಯವರು ಮನೆಗೇ ಬರಕ್ಕೆ ಶುರು ಮಾಡಿದರು.

ಆ ಥೆರಪಿ ನಡೆಯೋ ಕೋಣೆಯ ನೆಲ ಒರೆಸ್ತಿದ್ದೋಳು ನನ್ನ ತಂಗಿ. ಎರಡು ವರ್ಷ ಒರೆಸಿದಾಳೆ. ನಮ್ಮ ಹುಡುಗನಿಗೂ ಹಾಗೇ ಇದೆ ಅಂತ ಅವಳಿಗೆ ಹೊಳೀಲಿಲ್ಲ, ಯಾಕಂದ್ರೆ ಅದು ‘ಆ ಮನೆಯವರ ಕಾಯಿಲೆ’ ಅಂತ ಅವಳೂ ಅಂದ್ಕೊಂಡಿದ್ದಳು. ನೀವು ಅಂದ್ಕೊಂಡ ಹಾಗೇ ಅಣ್ಣಾ. ಹುಡುಗನಿಗೆ ನಾಲ್ಕೂಮುಕ್ಕಾಲು ಆದಾಗ ಒಂದು ದಿನ ಬೇರೆ ದಾರಿ ಇಲ್ಲದೆ ಅವನನ್ನೂ ಕೆಲಸಕ್ಕೆ ಕರಕೊಂಡು ಹೋದಳು. ಆ ಮನೆಯಮ್ಮ ಹತ್ತು ನಿಮಿಷ ನೋಡಿ, “ನೀನು ನಂಗೆ ಯಾಕೆ ಇಷ್ಟು ದಿನ ಹೇಳ್ಲಿಲ್ಲ?” ಅಂತ ಅತ್ತುಬಿಟ್ಟರಂತೆ. ಆ ತಾಯಿಗೆ ನಾನು ಋಣಿ. ನನ್ನ ಜಗಳ ಅವರ ಜೊತೆ ಅಲ್ಲ.

ಒಂದೇ ಊರು, ಒಂದೇ ವಯಸ್ಸು, ಒಂದೇ ತೊಂದರೆ. ಆಟೋದಲ್ಲಿ ಹೋದರೆ ಎಷ್ಟು ದೂರ? ಆ ಮಗುವಿಗೆ ಎರಡು ವರ್ಷಕ್ಕೆ ಸಿಕ್ಕಿದ್ದು ನಮ್ಮ ಮಗುವಿಗೆ ಐದಕ್ಕೆ ಸಿಕ್ಕಿತು. ಆ ಹುಡುಗ ಈಗ ಮೂರು-ನಾಲ್ಕು ಪದ ಸೇರಿಸಿ ಮಾತಾಡ್ತಾನೆ. ನಮ್ಮವನು ಈಗ ‘ಕೊಡು’ ಅಂತಾನೆ, ‘ಬೇಡ’ ಅಂತಾನೆ. ಎಲ್ಲ ಮಕ್ಕಳೂ ಒಂದೇ ಥರ ಬೆಳೆಯಲ್ಲ, ಬೇಗ ಶುರು ಮಾಡಿದ್ದರೆ ಇವನೂ ಅಷ್ಟೇ ಮಾತಾಡ್ತಿದ್ದ ಅಂತ ಯಾರೂ ಬರಕೊಡಕ್ಕೆ ಆಗಲ್ಲ, ಅದು ನನಗೂ ಗೊತ್ತು. ಆದರೆ ಆ ಮೂರು ವರ್ಷ ಅವನಿಗೆ ಸಿಗಬೇಕಿತ್ತು. ಅದನ್ನ ಆಟಿಸಂ ಕಿತ್ಕೊಳ್ಳಲಿಲ್ಲ. ‘ಕಾದು ನೋಡಿ’ ಅನ್ನೋ ಮಾತು ಕಿತ್ಕೊಂತು.

‘ದೊಡ್ಡೋರ ಮನೆ ಕಾಯಿಲೆ’ ಅನ್ನೋ ಮಾತು ಇವತ್ತಿಂದಲ್ಲ, ಆವರಗೆರೆಯದ್ದೂ ಅಲ್ಲ. 1943ರಲ್ಲಿ ಅಮೆರಿಕದಲ್ಲಿ ಲಿಯೋ ಕ್ಯಾನರ್ ಅನ್ನೋ ಡಾಕ್ಟರ್ 11 ಮಕ್ಕಳ ಬಗ್ಗೆ ಒಂದು ಲೇಖನ ಬರೆದರು, ಆಟಿಸಂ ಅನ್ನೋದು ಲೋಕಕ್ಕೆ ಹಾಗೆ ಗೊತ್ತಾಯ್ತು. ಆ ಮಕ್ಕಳ ಅಪ್ಪ-ಅಮ್ಮಂದಿರು ಬಹುಪಾಲು ಚೆನ್ನಾಗಿ ಓದಿದೋರು, ದೊಡ್ಡ ಕೆಲಸದೋರು. ಅದನ್ನ ನೋಡಿ ಮುಂದೆ ಎಷ್ಟೋ ವರ್ಷ ಆಟಿಸಂ ಅಂದರೆ ಓದಿದ ಶ್ರೀಮಂತರ ಮನೆಗೆ ಬರೋದು ಅಂತಲೇ ನಂಬಿದರು. ಲಂಡನ್ನಿನಲ್ಲಿ ಲೋರ್ನಾ ವಿಂಗ್ ಅಂತ ಒಬ್ಬ ಡಾಕ್ಟರ್ ಇದ್ದರು. ಅವರ ಮಗಳಿಗೇ ಆಟಿಸಂ ಇತ್ತು. ಅವರು ಆಸ್ಪತ್ರೆಗೆ ಬಂದವರನ್ನ ಮಾತ್ರ ಎಣಿಸಲಿಲ್ಲ. ಜುಡಿತ್ ಗೌಲ್ಡ್ ಜೊತೆ ಸೇರಿ ಕ್ಯಾಂಬರ್‌ವೆಲ್ ಅನ್ನೋ ಒಂದು ಪ್ರದೇಶದ ಮಕ್ಕಳನ್ನ ಹುಡುಕಿಕೊಂಡು ಹೋದರು. 1979ರಲ್ಲಿ ಅದರ ವರದಿ ಬಂತು. ಹುಡುಕಿಕೊಂಡು ಹೋದಾಗ ಗೊತ್ತಾಗಿದ್ದು, ಎಲ್ಲ ವರ್ಗದ ಮನೆಯಲ್ಲೂ ಆಟಿಸಂ ಇದೆ ಅಂತ. ದೊಡ್ಡ ಡಾಕ್ಟರ್ ಹತ್ತಿರ ಹೋಗಕ್ಕೆ ದಾರಿ, ದುಡ್ಡು, ಮಾತು ಇದ್ದೋರು ಮಾತ್ರ ಲೆಕ್ಕಕ್ಕೆ ಸಿಕ್ಕಿದ್ದರು, ಅಷ್ಟೇ.

ಇದನ್ನ ಓದಿದ ದಿನ ನಾನು ನಿದ್ದೆ ಮಾಡಲಿಲ್ಲ. ಲೆಕ್ಕಕ್ಕೆ ಸಿಗದವರು ಇಲ್ಲವೇ ಇಲ್ಲ ಅನ್ನೋದು ನಮಗೆ ಹೊಸದಾ?

ಲೋಕದ ಲೆಕ್ಕದಲ್ಲಿ ಸುಮಾರು ನೂರು-ನೂರಿಪ್ಪತ್ತೈದು ಜನರಲ್ಲಿ ಒಬ್ಬರಿಗೆ ಆಟಿಸಂ ಇರ್ತದೆ. ನಿಮ್ಮ ಕೇರಿಯಲ್ಲಿ ಎಷ್ಟು ಮಕ್ಕಳಿದ್ದಾರೆ ನೀವೇ ಎಣಿಸಿಕೊಳ್ಳಿ. ಅವರಿಗೆ ನಾವು ಇಟ್ಟಿರೋ ಹೆಸರು ಮೂಗ, ಪೆದ್ದ, ಗಾಳಿ ಸೋಕಿದ್ದು. ಸರ್ಕಾರಿ ಕಾಗದದಲ್ಲಿ ‘ಸ್ವಲೀನತೆ’ ಅಂತ ಚೆಂದದ ಪದ ಇದೆ. ಆ ಪದ ಹಿಡ್ಕೊಂಡು ನಮ್ಮ ಬೀದಿಗೆ ಯಾರಾದರೂ ಬಂದರೆ ಇಸ್ಪೀಟಾಟದ ಹೆಸರು ಅಂದ್ಕೊಂತಾರೆ.

ಇನ್ನು ಈ ‘ಬೇಗ ಕೊಡೋ ನೆರವು’ ಅಂದರೆ ಏನು? ಬಹಳ ಜನ ಇಂಜೆಕ್ಷನ್ ಅಂದ್ಕೊಂಡಿದಾರೆ, ಮೆಷಿನ್ ಅಂದ್ಕೊಂಡಿದಾರೆ. ಆಟಿಸಂ ಹೋಗಿಸೋ ಮಾತ್ರೆ ಇಲ್ಲ. ಸ್ಟೆಮ್ ಸೆಲ್ ಅಂತ ಲಕ್ಷಗಟ್ಟಲೆ ಕೇಳೋರ ಹತ್ತಿರ ಹೊಲ, ಮನೆ ಅಡ ಇಡಬೇಡಿ. ಆಟಿಸಂಗೆ ಆ ಚಿಕಿತ್ಸೆ ಮಾಡಬಾರದು ಅಂತ 2022ರ ಡಿಸೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ನೈತಿಕ ಮಂಡಳಿಯೇ ಹೇಳಿದೆ. ಕೆಲಸ ಮಾಡೋದು ನೆಲದ ಮೇಲೆ ಮಗುವಿನ ಎದುರು ಕೂರೋದು. ಅದು ಯಾವುದನ್ನ ನೋಡ್ತಾ ಇದೆಯೋ ಅದನ್ನ ನಾವೂ ನೋಡೋದು, ಅದರ ಆಟದೊಳಗೆ ನಾವು ಸೇರಿಕೊಳ್ಳೋದು, ಚಿಕ್ಕ ಮಾತು ಹೇಳಿ ಸುಮ್ಮನೆ ಕಾಯೋದು. ಇಲ್ಲಿ ಮಾತ್ರ ಕಾಯೋದು ಸರಿ, ಹತ್ತು ಸೆಕೆಂಡು.

ಮಂಡಕ್ಕಿಯದ್ದೇ ಹೇಳ್ತೀನಿ. ಮೊದಲು ನಮ್ಮವ್ವ ಹುಡುಗ ಅಳಬಾರದು ಅಂತ ತಟ್ಟೆ ತುಂಬ ಮಂಡಕ್ಕಿ ಕೊಟ್ಟು ಕೂರಿಸ್ತಿದ್ದಳು. ಈಗ ಹಿಡಿಯಲ್ಲಿ ನಾಲ್ಕೇ ಕಾಳು ಕೊಡ್ತಾಳೆ. ಡಬ್ಬ ಅವನಿಗೆ ಕಾಣೋ ಹಾಗೆ, ಕೈಗೆ ಸಿಗದ ಹಾಗೆ ಇಡ್ತಾಳೆ. ಅವನು ತಿರುಗಿ ಮುಖ ನೋಡಿದ ತಕ್ಷಣ “ಕೊಡು” ಅಂತ ಅವಳೇ ಹೇಳಿ ಕೊಡ್ತಾಳೆ. ದಿನಕ್ಕೆ ಐವತ್ತು ಸಲ. ಎರಡು ತಿಂಗಳಾದ ಮೇಲೆ ಒಂದು ಸಂಜೆ ಅವನೇ “ಕೊ” ಅಂದ. ನಮ್ಮವ್ವ ಡಬ್ಬ ಪೂರ್ತಿ ಸುರಿದುಬಿಟ್ಟಳು, ಥೆರಪಿ ನಿಯಮ ಎಲ್ಲ ಅವತ್ತು ಗಾಳಿಗೆ. ಓದು ಬರಹ ಬರದ ಅರವತ್ತೈದು ವರ್ಷದ ಹೆಂಗಸು ಅವಳು. ಇದನ್ನ ಕಲಿಸಕ್ಕೆ ಅವಳಿಗೆ ಆರೇ ಸಲ ಸಾಕಾಯ್ತು. ಕಲಿಸೋರು ಸಿಗಕ್ಕೆ ಮೂರು ವರ್ಷ ಬೇಕಾಯ್ತು.

ಇದು ನಮ್ಮನೆ ಕಥೆ ಮಾತ್ರ ಅಲ್ಲ. ಗೋವಾದಲ್ಲಿ ಮತ್ತೆ ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ 65 ಮಕ್ಕಳ ಮೇಲೆ ಒಂದು ಅಧ್ಯಯನ ನಡೀತು, 2016ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿ ಅನ್ನೋ ಪತ್ರಿಕೆಯಲ್ಲಿ ಬಂತು. ಅದರಲ್ಲಿ ಕೆಲಸ ಮಾಡಿದೋರು ದೊಡ್ಡ ಡಿಗ್ರಿಯ ತಜ್ಞರಲ್ಲ, ತರಬೇತಿ ಕೊಟ್ಟ ಸಾಮಾನ್ಯ ಆರೋಗ್ಯ ಕಾರ್ಯಕರ್ತರು. ಸುಮಾರು 12 ಸಲ ಅಪ್ಪ-ಅಮ್ಮನ ಜೊತೆ ಕೂತು, ಮಗುವಿನ ಜೊತೆ ಹೇಗೆ ಆಡಬೇಕು, ಹೇಗೆ ಉತ್ತರ ಕೊಡಬೇಕು ಅಂತ ಕಲಿಸಿದರು. ಅಪ್ಪ-ಅಮ್ಮ ಮಗುವಿಗೆ ಸ್ಪಂದಿಸೋ ರೀತಿ ಬದಲಾಯ್ತು, ಮಕ್ಕಳು ತಾವಾಗಿ ಮಾತು-ಸನ್ನೆ ಶುರು ಮಾಡೋದು ಹೆಚ್ಚಾಯ್ತು. ಎಲ್ಲವೂ ಬದಲಾಗಲಿಲ್ಲ, ಇದು ಪವಾಡ ಅಲ್ಲ. ಆದರೆ ಗೋವಾದಲ್ಲಿ ಆಗೋದು ದಾವಣಗೆರೆಯಲ್ಲಿ ಯಾಕೆ ಆಗಲ್ಲ? ‘ತಜ್ಞರು ಸಿಗಲ್ಲ, ಏನ್ ಮಾಡದು’ ಅನ್ನೋ ಅಧಿಕಾರಿಗಳಿಗೆ ಇದು ಉತ್ತರ.

ಭಾಷೆ ವಿಷಯ ಒಂದು ಇದೆ. ಥೆರಪಿ ಕೊಡೋ ಎಷ್ಟೋ ಕಡೆ ಚಿತ್ರದ ಕಾರ್ಡೆಲ್ಲ ಇಂಗ್ಲಿಷು. ಆಪಲ್, ಬಾಲ್, ಸೋಫಾ. ನಮ್ಮ ಮನೇಲಿ ಸೋಫಾ ಎಲ್ಲಿಂದ ತರೋದು? ಮನೆಯಲ್ಲಿ ಲಂಬಾಣಿ, ಉರ್ದು, ತೆಲುಗು ಆಡೋ ಮಕ್ಕಳಿಗೆ ಕ್ಲಿನಿಕ್ಕಿನ ಗ್ರಂಥದ ಕನ್ನಡವೇ ಪರದೇಶಿ ಭಾಷೆ. ಮಗುವಿಗೆ ಮೊದಲ ಮಾತು ಅಜ್ಜಿ ಆಡೋ ಮಾತಿನಲ್ಲೇ ಬರಬೇಕು. ನಮ್ಮವನ ಕಾರ್ಡಿನಲ್ಲಿ ಈಗ ಇರೋದು ತಂಬಿಗೆ, ಚಾಪೆ, ಆಟೋ, ಅಜ್ಜಿ, ಮಂಡಕ್ಕಿ. ಹಳೇ ಕ್ಯಾಲೆಂಡರ್ ಹಿಂದೆ ನಾನೇ ಬರೆದಿದ್ದು. ಚಿತ್ರ ಕೆಟ್ಟದಾಗಿದೆ, ಅವನಿಗೆ ಅರ್ಥ ಆಗ್ತದೆ.

ಈಗ ಕಾನೂನಿಗೆ ಬರೋಣ. ನಾನು ಗುಮಾಸ್ತೆ, ಇಪ್ಪತ್ತು ವರ್ಷದಿಂದ ರಿಜಿಸ್ಟರ್ ಬರೆಯೋಳು. ಕಾಗದದಲ್ಲಿ ಏನೇನಿದೆ ಅಂತ ಓದಿಕೊಂಡೇ ಮಾತಾಡೋದು.

1995ರ ಅಂಗವಿಕಲರ ಕಾಯ್ದೆಯಲ್ಲಿ ಏಳೇ ನ್ಯೂನತೆ ಇದ್ದದ್ದು, ಆಟಿಸಂ ಹೆಸರೇ ಇರಲಿಲ್ಲ. 2016ರ ಕಾಯ್ದೆಯಲ್ಲಿ 21 ಆಯ್ತು, ಆಟಿಸಂ ಸೇರಿತು. 2017ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅಂಥ ಮಗು ಅಂತ ಶಾಲೆ ಬಾಗಿಲು ಹಾಕೋ ಹಾಗಿಲ್ಲ. ಆದರೆ ಆ ಕಾಯ್ದೆಯಲ್ಲಿ ಉಚಿತ ಶಿಕ್ಷಣದ ಹಕ್ಕು ಶುರು ಆಗೋದು 6ನೇ ವಯಸ್ಸಿಗೆ, 18ರ ತನಕ. ಯಾವ ವಯಸ್ಸಿನಲ್ಲಿ ನೆರವು ಎಲ್ಲಕ್ಕಿಂತ ಹೆಚ್ಚು ಬೇಕೋ ಆ ವಯಸ್ಸನ್ನ ಅಂಗನವಾಡಿಗೆ ಮತ್ತೆ ಆರೋಗ್ಯ ಇಲಾಖೆಗೆ ಬಿಟ್ಟಿದಾರೆ.

ಆರೋಗ್ಯ ಇಲಾಖೆಯಲ್ಲಿ ಏನಿದೆ? 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ. ಆರ್‌ಬಿಎಸ್‌ಕೆ ಅಂತ ಬರೆದ ಗಾಡಿ ನೋಡಿರ್ತೀರಿ. ನಿಯಮದ ಪ್ರಕಾರ ಆ ತಂಡ ವರ್ಷಕ್ಕೆ ಎರಡು ಸಲ ಪ್ರತಿ ಅಂಗನವಾಡಿಗೆ ಹೋಗಿ ಮಕ್ಕಳನ್ನ ನೋಡಬೇಕು. ನೋಡಬೇಕಾದ ತೊಂದರೆಗಳ ಪಟ್ಟಿಯಲ್ಲಿ ಮಾತು ತಡ ಆಗೋದೂ ಇದೆ, ಆಟಿಸಂ ಕೂಡ ಇದೆ. ಅನುಮಾನ ಬಂದ ಮಗುವನ್ನ ಜಿಲ್ಲೆಯ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ, ಅಂದರೆ ಡಿಇಐಸಿಗೆ ಕಳಿಸಬೇಕು. ಅಂಥ ಕೇಂದ್ರದಲ್ಲಿ ಮಕ್ಕಳ ಡಾಕ್ಟರ್, ಮನಶ್ಶಾಸ್ತ್ರಜ್ಞರು, ಮಾತು ಮತ್ತು ಶ್ರವಣ ತಜ್ಞರು, ಫಿಸಿಯೋಥೆರಪಿಸ್ಟ್, ವಿಶೇಷ ಶಿಕ್ಷಕರು ಇರಬೇಕು ಅಂತ ಮಾರ್ಗಸೂಚಿ ಹೇಳ್ತದೆ. ಎಲ್ಲ ಪುಕ್ಕಟೆ. 2023ರ ನವೆಂಬರಿನಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಇಲಾಖೆ ಅಂಗನವಾಡಿಗಳಿಗೇ ದಿವ್ಯಾಂಗ ಮಕ್ಕಳ ಪ್ರೋಟೋಕಾಲ್ ಅಂತ ಹೊರಡಿಸಿತು. ಲಕ್ಷಣ ಗುರುತಿಸಿ, ಮಗುವನ್ನ ಸೇರಿಸಿಕೊಳ್ಳಿ, ಆಶಾ ಮತ್ತು ಆರ್‌ಬಿಎಸ್‌ಕೆ ಮೂಲಕ ಮುಂದಕ್ಕೆ ಕಳಿಸಿ ಅಂತ. ಇದಲ್ಲದೆ ನಮ್ಮ ದಾವಣಗೆರೆಯಲ್ಲೇ ಕೇಂದ್ರ ಸರ್ಕಾರದ ಸಿಆರ್‌ಸಿ ಇದೆ, ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆಯ ಅಡಿಯಲ್ಲಿ ನಡೆಯೋದು, ಅಂಗವಿಕಲರ ಪುನರ್ವಸತಿಗೆ ಅಂತಲೇ ಮಾಡಿದ್ದು. ಹಾವೇರಿ, ಚಿತ್ರದುರ್ಗದೋರು ಬಸ್ ಹತ್ತಿ ಬರಬೇಕು, ನಮಗೆ ಊರೊಳಗೇ.

ಹಾಗಾದರೆ ನನ್ನ ಸಿಟ್ಟು ಏನು? ಇಷ್ಟೆಲ್ಲ ಇದ್ದೂ, ಇದರಲ್ಲಿ ಒಂದು ಅಕ್ಷರ ನನ್ನ ತಂಗಿಗೆ ಯಾರೂ ಹೇಳಲಿಲ್ಲ. ಅವಳಿಗೆ ಹೇಳಿದ್ದು ಅವಳು ನೆಲ ಒರೆಸೋ ಮನೆಯ ಯಜಮಾನಿ. ಆ ಮನೆಯಲ್ಲಿ ಮಗು ಚೆನ್ನಾಗಿದ್ದಿದ್ದರೆ ನಮ್ಮ ಹುಡುಗನಿಗೆ ಇವತ್ತಿಗೂ ಗಾಳಿ ಸೋಕಿದೆ ಅಂತಲೇ ಇರ್ತಿತ್ತು.

ಅಂಗನವಾಡಿ ಟೀಚರುಗಳ ಮೇಲೆ ಎಲ್ಲ ಹೊರಿಸಬೇಡಿ, ಕೈ ಮುಗೀತೀನಿ. ಅವರಲ್ಲಿ ಅರ್ಧ ಜನ ನಮ್ಮ ಅಕ್ಕ-ತಂಗಿಯರೇ. ಪೋಷಣ್ ಟ್ರ್ಯಾಕರ್ ಅವರೇ ತುಂಬಬೇಕು, ಗಣತಿ ಅವರೇ ಮಾಡಬೇಕು, ಚುನಾವಣೆ ಪಟ್ಟಿ ಅವರೇ ಹಿಡ್ಕೊಂಡು ಮನೆ ಮನೆ ತಿರುಗಬೇಕು. ಕೊಡೋದು ಸಂಬಳ ಅಲ್ಲ, ಗೌರವಧನ. ಅದರ ಮೇಲೆ ‘ಆಟಿಸಂ ಕೂಡ ಗುರುತಿಸಿ’ ಅಂತ ಒಂದು ಪಿಡಿಎಫ್ ವಾಟ್ಸಾಪಿಗೆ ಕಳಿಸಿದರೆ ಅದು ತರಬೇತಿ ಆಗಲ್ಲ. ಕೂರಿಸಿ ಕಲಿಸಿ, ಆ ಕೆಲಸಕ್ಕೆ ಬೇರೆ ದುಡ್ಡು ಕೊಡಿ, ಆಮೇಲೆ ಲೆಕ್ಕ ಕೇಳಿ.

ದುಡ್ಡು ಎಲ್ಲಿದೆ ಅಂತೀರಾ? 2013ರಲ್ಲಿ ನಮ್ಮ ರಾಜ್ಯ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ಮಾಡಿತು. ಅಭಿವೃದ್ಧಿ ಹಣದಲ್ಲಿ ಪರಿಶಿಷ್ಟ ಜಾತಿ, ಪಂಗಡದ ಜನಸಂಖ್ಯೆಗೆ ತಕ್ಕಷ್ಟು, ಅಂದರೆ 24.1 ಪರ್ಸೆಂಟ್ ತೆಗೆದಿಡಬೇಕು. ಆ ಹಣ ಬೇರೆ ಕಡೆ ಹರಿಯಕ್ಕೆ ದಾರಿ ಆಗಿದ್ದ 7(ಡಿ) ಕಲಮನ್ನ ನಾವು ಹೋರಾಡಿ 2023ರಲ್ಲಿ ತೆಗೆಸಿದೆವು. ಅದೇ ವರ್ಷ ಅದೇ ಹಣದಿಂದ 11 ಸಾವಿರ ಕೋಟಿಗಿಂತ ಹೆಚ್ಚು ಗ್ಯಾರಂಟಿ ಯೋಜನೆಗಳಿಗೆ ಹೋಯ್ತು. ಗ್ಯಾರಂಟಿ ಬೇಡ ಅಂತ ನಾನು ಹೇಳಲ್ಲ, ನನ್ನ ತಂಗಿ ಕೆಲಸಕ್ಕೆ ಹೋಗೋದೇ ಶಕ್ತಿ ಟಿಕೆಟಿನಲ್ಲಿ. ಆದರೆ ಎಲ್ಲರಿಗೂ ಕೊಡೋದನ್ನ ನಮ್ಮ ಖಾತೆಯಿಂದ ತೆಗೆದು ನಮಗೇ ಕೊಟ್ಟು, ನಿಮಗೆ ಕೊಟ್ಟೆವು ಅಂತ ಬರ್ಕೊಳ್ಳೋದು ಯಾವ ಲೆಕ್ಕ? ಆ ಕೋಟಿಗಳಲ್ಲಿ ಚೂರು ಸಾಕು, ಪ್ರತಿ ತಾಲ್ಲೂಕಿಗೆ ಒಬ್ಬ ಮಾತಿನ ಥೆರಪಿಸ್ಟ್, ಒಬ್ಬ ವಿಶೇಷ ಶಿಕ್ಷಕಿ ನೇಮಿಸಕ್ಕೆ. ವಾರಕ್ಕೆ ಒಂದು ದಿನ ಹರಿಹರದಲ್ಲಿ, ಒಂದು ದಿನ ಆವರಗೆರೆಯಲ್ಲಿ, ಒಂದು ದಿನ ಇನ್ನೊಂದು ಕೇರಿಯ ಅಂಗನವಾಡಿಯಲ್ಲಿ ಅವರು ಕೂರಲಿ. ಮಗು ಕೇಂದ್ರಕ್ಕೆ ಹೋಗೋದಲ್ಲ, ಕೇಂದ್ರ ಮಗುವಿನ ಹತ್ತಿರ ಬರಬೇಕು. ಯಾಕೆ ಅಂತೀರಾ? ತುಂಬಿದ ಸಿಟಿ ಬಸ್ಸಿನ ಹಾರನ್ನು, ನೂಕುನುಗ್ಗಲು ತಡೆಯಕ್ಕಾಗದೆ ಕಿವಿ ಮುಚ್ಚಿಕೊಂಡು ಕಿರುಚೋ ಮಗುವನ್ನ ವಾರಕ್ಕೆ ಮೂರು ಸಲ ಕರಕೊಂಡು ಹೋಗಿ ನೋಡಿ. ಹೋದ ದಿನ ಕೂಲಿ ಇಲ್ಲ. ತಿಂಗಳಿಗೆ ಹನ್ನೆರಡು ದಿನ ರಜೆ ಹಾಕೋ ಹೆಂಗಸನ್ನ ಯಾವ ಮನೆಯೋರು ಇಟ್ಕೊಂತಾರೆ? ಖಾಸಗಿಯವರ ಹತ್ತಿರ ಹೋದರೆ ಒಂದು ಸಲಕ್ಕೆ ನಾನೂರು, ಐನೂರು, ಅದು ಅವಳ ಒಂದು ದಿನದ ದುಡಿಮೆಗಿಂತ ಹೆಚ್ಚು.

ಇನ್ನೊಂದು ಬೇಡಿಕೆ, ಇದು ಗುಮಾಸ್ತೆಯ ಬೇಡಿಕೆ. ರಿಜಿಸ್ಟರಿನಲ್ಲಿ ಕಾಲಂ ಇಲ್ಲದ್ದು ಸರ್ಕಾರದ ಕಣ್ಣಿಗೆ ಇಲ್ಲ. ಆದ್ದರಿಂದ ಮೂರು ಅಂಕಿ ಪ್ರಕಟಿಸಲಿ. ಈ ಜಿಲ್ಲೆಯಲ್ಲಿ ಆರು ವರ್ಷದೊಳಗಿನ ಎಷ್ಟು ಎಸ್‌ಸಿ, ಎಸ್‌ಟಿ ಮಕ್ಕಳನ್ನ ಬೆಳವಣಿಗೆ ತೊಂದರೆ ಅಂತ ಮುಂದಕ್ಕೆ ಕಳಿಸಿದರು. ಅವರಲ್ಲಿ ಎಷ್ಟು ಮಕ್ಕಳು ನಿಜವಾಗಿ ಕೇಂದ್ರ ಮುಟ್ಟಿದರು. ಮುಟ್ಟಿದವರಲ್ಲಿ ಎಷ್ಟು ಜನ ಮೂರು ತಿಂಗಳಾದ ಮೇಲೂ ಬರ್ತಾ ಇದಾರೆ. ಜೊತೆಗೆ, ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು. ಮಾಹಿತಿ ಹಕ್ಕಿನ ಅರ್ಜಿ ನಾನೇ ಟೈಪ್ ಮಾಡಿದೀನಿ, ಹತ್ತು ರೂಪಾಯಿ ಪೋಸ್ಟಲ್ ಆರ್ಡರೂ ತಂದಿಟ್ಟಿದೀನಿ. ‘ಕ್ರಮ ಕೈಗೊಳ್ಳಲಾಗುತ್ತಿದೆ’ ಅನ್ನೋ ಉತ್ತರ ನಂಗೆ ಬರೀಬೇಡಿ ಸ್ವಾಮಿ, ಆ ವಾಕ್ಯ ನಾನೇ ಸಾವಿರ ಸಲ ಟೈಪ್ ಮಾಡಿದೀನಿ. ಅದರ ಅರ್ಥ ನಂಗೆ ಗೊತ್ತು.

ಕಡೆಗೆ ನಮ್ಮೋರಿಗೆ. ಅಣ್ಣಾ, ನೀವು ಪ್ರೊ. ಬಿ. ಕೃಷ್ಣಪ್ಪನವರ ಹೆಸರಿಲ್ಲದೆ ಭಾಷಣ ಶುರು ಮಾಡಲ್ಲ. ಅವರು ನಮ್ಮ ಹರಿಹರದವರು ಅಂತ ನಮಗೆಲ್ಲ ಹೆಮ್ಮೆ. ಹೆಂಡದಂಗಡಿ ಬದಲು ವಸತಿ ಶಾಲೆ ಕೊಡಿ ಅಂತ ಕೇಳಿದ ಚಳವಳಿ ನಮ್ಮದು. ಮಗುವಿನ ಓದು ಹೋರಾಟದ ವಿಷಯ ಆಗಬಹುದಾದರೆ, ಮಗುವಿನ ಮೊದಲ ಮಾತು ಯಾಕೆ ಆಗಬಾರದು? ಬಾಬಾಸಾಹೇಬರ ಐದು ಮಕ್ಕಳಲ್ಲಿ ನಾಲ್ಕು ಎಳೇ ವಯಸ್ಸಿನಲ್ಲೇ ತೀರಿಕೊಂಡವು. 1928ರಲ್ಲಿ ಬಾಂಬೆ ಶಾಸನಸಭೆಯಲ್ಲಿ ಕೂಲಿ ಹೆಂಗಸರ ಹೆರಿಗೆ ಸೌಲಭ್ಯದ ಮಸೂದೆ ಬಂದಾಗ ಎದ್ದು ನಿಂತು ಅದರ ಪರ ಮಾತಾಡಿದೋರು ಅವರು. ‘ಇತರೆ ವಿಷಯಗಳು’ ಅಂತ ತಳ್ಳಲಿಲ್ಲ.

ಇನ್ನೂ ಒಂದು ಮುಜುಗರದ ಮಾತು. ನಮ್ಮ ಕೇರಿಯಲ್ಲೇ ಇಂಥ ಮಕ್ಕಳಿಗೆ ಹೊಡೀತಾರೆ. ಕಟ್ಟಿ ಹಾಕಿದ್ದನ್ನೂ ನಾನು ನೋಡಿದೀನಿ. ಮದುವೆ-ಮುಂಜಿಗೆ ಕರೀವಾಗ “ಆ ಹುಡುಗನ್ನ ಬಿಟ್ಟು ಬರ್ರಿ” ಅಂತಾರೆ. ಒಳಗೆ ಬರಬೇಡ ಅನ್ನೋ ಮಾತು ಎಷ್ಟು ಸುಡ್ತದೆ ಅಂತ ಗೊತ್ತಿರೋ ಜನ ನಾವು. ಅದೇ ಮಾತನ್ನ ಆರು ವರ್ಷದ ಮಗುವಿಗೆ ಹೇಳ್ತೀವಿ.

ಸರಿ, ಕೆಲಸದ ಮಾತು. ಮಗು ಒಂದು ವರ್ಷಕ್ಕೂ ಹೆಸರಿಗೆ ತಿರುಗದಿದ್ದರೆ, ಒಂದೂವರೆಗೂ ಬೆರಳು ತೋರಿಸದಿದ್ದರೆ, ಎರಡು ವರ್ಷಕ್ಕೆ ಎರಡು ಪದ ಸೇರಿಸದಿದ್ದರೆ, ಬಂದ ಮಾತು ಹೋದರೆ, ಯಾರು ‘ಕಾಯಿರಿ’ ಅಂದರೂ ಕಾಯಬೇಡಿ. ಎಲ್ಲ ತಡವೂ ಆಟಿಸಂ ಅಲ್ಲ, ಮೊದಲು ಕಿವಿ ಪರೀಕ್ಷೆ ಮಾಡಿಸಿ. ಜಿಲ್ಲಾ ಆಸ್ಪತ್ರೆಯಲ್ಲಿ ಡಿಇಐಸಿ ಎಲ್ಲಿ ಅಂತ ಆ ಹೆಸರು ಹೇಳಿಯೇ ಕೇಳಿ, ಸಿಆರ್‌ಸಿಗೆ ಹೋಗಿ. ಸರ್ಟಿಫಿಕೇಟ್ ಆದ ಮೇಲೆ ಯುಡಿಐಡಿ ಕಾರ್ಡ್ ಮಾಡಿಸಿ, ರಾಷ್ಟ್ರೀಯ ನ್ಯಾಸದ ನಿರಾಮಯ ವಿಮೆಗೆ ಹಾಕಿ. ಆಟಿಸಂ ಇರೋರಿಗೆ ವರ್ಷಕ್ಕೆ 1 ಲಕ್ಷದ ತನಕ, ಥೆರಪಿ ಖರ್ಚೂ ಅದರೊಳಗೆ ಮಿತಿಯಲ್ಲಿ ಬರ್ತದೆ. ಸರ್ಟಿಫಿಕೇಟ್ ಕೈಗೆ ಬರೋ ತನಕ ಥೆರಪಿ ನಿಲ್ಲಿಸಬೇಡಿ. ಕಾಗದ ಕಾಯಬಹುದು, ಮಗು ಕಾಯಬಾರದು.

ಬರೋ ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಮ್ಮ ಕೇರಿ ಸಮುದಾಯ ಭವನದಲ್ಲಿ ಕೂರ್ತಿದೀವಿ. ನಾನು, ನನ್ನ ತಂಗಿ, ನಮ್ಮವ್ವ. ಅರ್ಜಿ ತುಂಬೋದು ನಾನು ನೋಡ್ಕೊಂತೀನಿ. ಮಂಡಕ್ಕಿ ಪಾಠ ನಮ್ಮವ್ವಂದು. ತಾಯಿ ಕಾರ್ಡ್, ಮಗುವಿನ ಆಧಾರ್, ರೇಷನ್ ಕಾರ್ಡಿನ ಜೆರಾಕ್ಸ್ ತನ್ನಿ. ಮಗು ಮನೆಯಲ್ಲಿ ಆಡೋದರ ಎರಡು ನಿಮಿಷದ ವಿಡಿಯೋ ಫೋನಿನಲ್ಲಿ ಇಟ್ಕೊಂಡು ಬನ್ನಿ, ಡಾಕ್ಟರ್ ಎದುರು ಮಗು ಹಾಗೆ ಮಾಡದೆ ಇದ್ದಾಗ ತೋರಿಸಕ್ಕೆ ಬೇಕಾಗ್ತದೆ. ಗಲಾಟೆ ಮಾಡ್ತಾನೆ ಅಂತ ಮನೆಯಲ್ಲಿ ಬಿಟ್ಟು ಬರಬೇಡಿ, ಕರಕೊಂಡೇ ಬನ್ನಿ. ಮೈಕ್ ಹಾಕಲ್ಲ, ಭಾಷಣ ಇಲ್ಲ.

ಅಣ್ಣಾ, ನೀವೂ ಬನ್ನಿ. ನೆಲದ ಮೇಲೆ ಕೂರಬೇಕಾಗ್ತದೆ.

ಜೈಭೀಮ್.